ಹೆಣ್ಣುಮಕ್ಕಳ ಎಲುಬು ಮೆತ್ತಗೇನ್ರಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಾವು ಮೂಲ ವಿಜಯಪುರ ಕಡೆಯವ್ರು, ಈಗ ಪುಣೆ ಖಡ್ಕಿನಾಗ ಅದೀವಿ. ಮಗ ಆರ್ಮಿ ಲಾರಿ ಡ್ರೈವರ್, ಅವಂಗ ಸೊಂಟನೋವು. ಮಗಳು ಮಿಲಿಟರಿ ಪೊಲೀಸ್ ಟ್ರೇನಿಂಗ್‌ನಾಗ ಅದಾಳ, ರಜೆಗೆ ಬಂದಾಗ ನೋಡಿದ್ರ ಕುಂಟ್ತಾಳ, ಮೊಣಕಾಲ ಕೆಳಗ ಒಂದೇ ಜಾಗಾದಾಗ ನೋವು. ಹೇಳಿದ್ರ ಮನೀಗೆ ಕಳಸ್ತಾರ ಅಂತ ಯಾರ ಮುಂದೂ ಹೇಳವಲ್ಲಳು. ಹೆಣ್ಣಮಕ್ಕಳ ಎಲುಬು ಅಷ್ಟು ಮೆತ್ತಗೇನ್ರಿ?
– ಒಬ್ಬ ತಾಯಿ, ಪುಣೆ

ಉತ್ತರ: ಅಕ್ಕಾ, ಮೊದಲು ಮಗಳ ವಿಷಯ, ಅದು ಅರ್ಜೆಂಟು. ಎಲುಬಿನ ಮೇಲೆ ಬೆರಳಿಟ್ಟು ಇಲ್ಲೇ ಅಂತ ತೋರಿಸೋ ಹಾಗೆ ನೋವಿದ್ರೆ ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು, ಬಿದ್ದು ಮುರಿಯೋದಲ್ಲ ಇದು, ದಿನಾ ಓಟ ಡ್ರಿಲ್ಲು ಅಂತ ಎಲುಬಿಗೆ ಸುಧಾರಿಸ್ಕೊಳ್ಳೋಕೆ ಟೈಮೇ ಸಿಗದೆ ಸಣ್ಣ ಬಿರುಕು ಬಿಡೋದು. ಮೊದಲ ಎರಡು ಮೂರು ವಾರ ಎಕ್ಸ್‌ರೇಲಿ ಕಾಣದೇನೂ ಇರಬಹುದು, ಅದಕ್ಕೇ ಎಕ್ಸ್‌ರೇ ನಾರ್ಮಲ್ ಅಂದ್ರೂ ನೋವು ಹೋಗದಿದ್ರೆ ಎಂಆರ್‌ಐ ಬೇಕಾ ಅಂತ ಕೇಳ್ಲಿ. ಈಗ್ಲೇ ಹೇಳಿದ್ರೆ ಕೆಲವು ವಾರ ಓಟ ನಿಲ್ಲಿಸಿ ರೆಸ್ಟು, ಟ್ರೇನಿಂಗ್ ಹಿಂದೆ ಬಿದ್ದು ಮುಂದಿನ ಬ್ಯಾಚ್ ಜೊತೆ ಮುಗಿಸ್ಬೇಕಾಗಬಹುದು, ಅಷ್ಟೇ. ಮುಚ್ಚಿಟ್ಟು ಓಡಿದ್ರೆ ಪೂರ್ತಿ ಮುರಿದು ಆಮೇಲೆ ನಿಜವಾಗ್ಲೂ ನೌಕರಿಗೇ ಕುತ್ತು. ಇನ್ನು ತೊಡೆಸಂದಿಯಲ್ಲಿ ನೋವು ಬಂದ್ರಂತೂ ಒಂದು ದಿನಾನೂ ಕಾಯ್ಬಾರ್ದು.

ಎಲುಬು ಮೆತ್ತಗೆ ಅನ್ನೋ ಮಾತು ಕೇಳಿದ್ರೆ ನನಗೆ ಸಂಕಟ ಆಗುತ್ತೆ. ಅಮೆರಿಕದ ಸೈನ್ಯದ ಟ್ರೇನಿಂಗ್‌ನಲ್ಲಿ ಹುಡುಗಿಯರಿಗೆ ಗಾಯ ಸುಮಾರು ಎರಡು ಪಟ್ಟು ಅಂತ ಕಂಡಿದ್ದು ಹೌದು, ಆದ್ರೆ ಓಟದ ದಮ್ಮು ಒಂದೇ ಮಟ್ಟ ಇರೋ ಹುಡುಗ ಹುಡುಗಿಯರನ್ನ ಹೋಲಿಸಿದಾಗ ಆ ಅಂತರ ಹೆಚ್ಚುಕಮ್ಮಿ ಹೋಗೇಬಿಡ್ತು. ಅಂದ್ರೆ ಸೇರೋ ಮುಂಚೆ ಎಷ್ಟು ಓಡಿದ್ದಾಳೆ ಅನ್ನೋದು ದೊಡ್ಡ ವಿಷಯ, ನಮ್ಮಲ್ಲಿ ದೊಡ್ಡವಳಾದ್ಮೇಲೆ ಹುಡುಗೀನ ಮೈದಾನಕ್ಕೆ ಬಿಡೋರು ಎಷ್ಟು ಜನ ಹೇಳಿ. ಇನ್ನೊಂದು, ಸುಡೋ ಶಕ್ತಿಗೆ ತಕ್ಕ ಊಟ ಹೋಗದಿದ್ರೆ ಮುಟ್ಟು ನಿಲ್ಲುತ್ತೆ, ಎಲುಬೂ ಸೊರಗುತ್ತೆ. ಇದನ್ನ ನೀವೇ ಕೂತು ಕೇಳಿ, ಅವಳು ಬೇರೆಯವರ ಹತ್ರ ಹೇಳಲ್ಲ. 2008ರಲ್ಲಿ ಬಂದ ಅಮೆರಿಕ ನೌಕಾಪಡೆಯ ಸ್ಟಡಿಲಿ ಕ್ಯಾಲ್ಶಿಯಂ, ವಿಟಮಿನ್ ಡಿ ತಗೊಂಡ ಹುಡುಗಿಯರಿಗೆ ಇಂಥ ಬಿರುಕು ಶೇ. 20 ಕಮ್ಮಿ ಆಗಿತ್ತು, ಆದ್ರೂ ಡಾಕ್ಟರ್ ಹೇಳಿದ ಡೋಸೇ ತಗೊಳ್ಳಿ.

ಮಗನ ಸೊಂಟನೋವಿಗೆ ತಾಸುಗಟ್ಲೆ ಕೂರೋದು, ಗಾಡಿ ಕುಲುಕಾಟ, ಲೋಡ್ ಎತ್ತೋದು ಎಲ್ಲಾ ಸೇರಿರುತ್ತೆ. ಕಾಲಿಗೆ ಜೋಮು, ಶಕ್ತಿ ಕಮ್ಮಿ ಅನ್ಸಿದ್ರೆ, ಇಲ್ಲಾ ಉಚ್ಚೆ ತಡೆಯೋಕಾಗದಿದ್ರೆ ತಕ್ಷಣ ಆಸ್ಪತ್ರೆಗೆ. ಇಬ್ಬರಿಗೂ ಹೇಳಿ ಅಕ್ಕಾ, ನೋವಿನ ಮಾತ್ರೆ ನುಂಗಿ ಸುಮ್ನಿರ್ಬೇಡಿ, ಸಿಕ್ ರಿಪೋರ್ಟ್ ಮಾಡಿ, ಅಂದ್ರೆ ಹುಷಾರಿಲ್ಲ ಅಂತ ಯೂನಿಟ್‌ನಲ್ಲಿ ಹೇಳಿ ಸೈನ್ಯದ ಡಾಕ್ಟರಿಗೆ ತೋರಿಸಿ, ಯಾವಾಗ, ಯಾವ ಡ್ಯೂಟಿಲಿ ಶುರುವಾಯ್ತು ಅಂತ ಪೇಪರ್ ಮೇಲೆ ಬರೆಸಿ. ನಾಳೆ ಅಂಗವೈಕಲ್ಯದ ಪೆನ್ಶನ್ ಮಾತು ಬಂದಾಗ ಮೆಡಿಕಲ್ ಬೋರ್ಡ್, ಅಂದ್ರೆ ಸೈನ್ಯದ ಡಾಕ್ಟರ್‌ಗಳ ತಂಡ, ನೋಡೋದು ಆ ಪೇಪರನ್ನೇ.