ಬ್ರಾಂಪ್ಟನ್‌ನಲ್ಲಿ ಲಾರಿ ಹತ್ತುವ ಮುಂಚೆ

ತಮ್ಮಾ, ಹೊಸಪೇಟೆ ಕಡೆ ಆರು ವರ್ಷ ಹತ್ತು ಚಕ್ರದ ಟಿಪ್ಪರ್ ಓಡಿಸಿದ್ದೀಯ. ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕಿ ಕೆನಡಾದ ಬ್ರಾಂಪ್ಟನ್‌ಗೆ ಬಂದು ಮೂರು ತಿಂಗಳಾಯಿತು. "ಅಣ್ಣಾ, ಇಲ್ಲಿ ಲಾರಿ ಲೈಸೆನ್ಸ್ ಬೇಗ ಮಾಡಿಸಿಕೊಳ್ಳೋದು ಹೇಗೆ?" ಅಂತ ಕೇಳಿದ್ದೀಯ. ಹೇಳುತ್ತೇನೆ. ಆ "ಬೇಗ" ಅನ್ನೋ ಮಾತು ಮಾತ್ರ ನನಗೆ ಹಿಡಿಸಲಿಲ್ಲ.

ಊರಿನ ಹೆವಿ ಲೈಸೆನ್ಸ್ ಇಲ್ಲಿ ಲಾರಿಗೆ ನಡೆಯುವುದಿಲ್ಲ. ಮೊದಲು ಕಾರಿನ ಪೂರ್ತಿ ಜಿ ಲೈಸೆನ್ಸ್ ಬೇಕು. ಅದಕ್ಕೆ ಮುಂಚಿನ ಹಂತಗಳಾದ ಜಿ1, ಜಿ2 ಸಾಲದು. ನಿನ್ನ ಲೈಸೆನ್ಸ್ ಎಷ್ಟು ವರ್ಷದಿಂದ ಇದೆ ಅಂತ ಆರ್‌ಟಿಒದಿಂದ ಪತ್ರ ತರಿಸಿಕೋ. ಎರಡು ವರ್ಷಕ್ಕಿಂತ ಜಾಸ್ತಿ ಅನುಭವಕ್ಕೆ ದಾಖಲೆ ಇದ್ದರೆ, ಬರವಣಿಗೆ ಪರೀಕ್ಷೆ ಮತ್ತು ಕಣ್ಣಿನ ಪರೀಕ್ಷೆ ಪಾಸಾದ ಮೇಲೆ ನೇರವಾಗಿ ಜಿ ರೋಡ್ ಟೆಸ್ಟಿಗೆ ಹೋಗಬಹುದು. ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಆಮೇಲೆ ಡಾಕ್ಟರ ಹತ್ತಿರ ಮೆಡಿಕಲ್, ಎ ಕ್ಲಾಸಿಗೆ, ಅಂದರೆ ಟ್ರೇಲರ್ ಎಳೆಯುವ ಲಾರಿಗೆ ಒಂದು, ಏರ್ ಬ್ರೇಕಿಗೆ ಒಂದು ಬರವಣಿಗೆ ಪರೀಕ್ಷೆ. ಎಲ್ಲರೂ ಎಝಡ್ ಅನ್ನುವುದು ಈ ಎರಡೂ ಸೇರಿದ ಲೈಸೆನ್ಸಿಗೇ. ರೋಡ್ ಟೆಸ್ಟಿಗೆ ಮುಂಚೆ ಮೆಲ್ಟ್ ಅನ್ನೋ ತರಬೇತಿ ಮುಗಿಸಿರಬೇಕು. ನಮ್ಮ ಈ ಒಂಟಾರಿಯೊ ಪ್ರಾಂತ್ಯದಲ್ಲಿ 2017ರ ಜುಲೈನಿಂದ ಅದು ಕಡ್ಡಾಯ, ಕನಿಷ್ಠ 103.5 ಗಂಟೆ. ಅರ್ಧಂಬರ್ಧ ಕಲಿಸಿ ಗಂಟೆ ಪೂರ್ತಿ ಅಂತ ಬರೆದುಕೊಡುವವರು ಸಿಗುತ್ತಾರೆ. ಅಲ್ಲಿಗೆ ಹೋಗಬೇಡ.

ಯಾಕೆ ಅಂತ ಕೇಳು. ನಿನ್ನ ಟಿಪ್ಪರ್ ಒಂದೇ ಮೈ. ಇಲ್ಲಿ ಹಿಂದೆ 53 ಅಡಿ ಟ್ರೇಲರ್. ಸ್ಟೀರಿಂಗ್ ಎಡಕ್ಕೆ, ರಸ್ತೆ ಬಲಕ್ಕೆ. ಊರಲ್ಲಿ ಎಡಗಡೆ ಕಾಣದಿದ್ದ ಜಾಗ ಇಲ್ಲಿ ಬಲಗಡೆಗೆ ಬಂದಿದೆ. ಬಲಕ್ಕೆ ತಿರುಗುವಾಗ ಟ್ರೇಲರಿನ ಚಕ್ರ ಒಳಗೊಳಗೇ ಬಂದು ಫುಟ್‌ಪಾತ್ ಹತ್ತುತ್ತದೆ. ಸೈಕಲ್‌ನವರು ನಿಂತಿರುವುದೂ ಅಲ್ಲೇ. ಕಣ್ಣು ತಾನಾಗಿ ಬಲಗಡೆ ಕನ್ನಡಿಗೆ ಹೋಗಲು ನನಗೆ ವಾರಗಳೇ ಹಿಡಿದವು.

ಇನ್ನೊಂದು, ಟ್ರೇಲರ್ ಜೋಡಿಸುವ ಕೆಲಸ. ಹಿಂದಕ್ಕೆ ಬಂದು ಲಾಕ್ ಆದ ಸದ್ದು ಕೇಳಿದ ಮೇಲೆ, ಟ್ರೇಲರ್ ಬ್ರೇಕ್ ಹಾಕಿಟ್ಟು ಮೆಲ್ಲಗೆ ಮುಂದಕ್ಕೆ ಎಳೆದು ನೋಡುತ್ತೇವೆ. ಅಷ್ಟೇ ಸಾಲದು. ಇಳಿದು, ಟಾರ್ಚ್ ಹಿಡಿದು, ಬಗ್ಗಿ ನೋಡಬೇಕು. ಲಾರಿಯ ಹಿಂದೆ ಟ್ರೇಲರ್ ಕೂರುವ ಫಿಫ್ತ್ ವ್ಹೀಲ್ ತಟ್ಟೆಗೂ ಟ್ರೇಲರಿಗೂ ನಡುವೆ ಸಂದು ಇರಬಾರದು. ಟ್ರೇಲರಿನ ಕೆಳಗಿರುವ ಕಿಂಗ್‌ಪಿನ್ ಸುತ್ತ ಆ ತಟ್ಟೆಯ ಲಾಕಿನ ದವಡೆ ಮುಚ್ಚಿರಬೇಕು. ನನ್ನ ಮೊದಲ ಚಳಿಗಾಲದಲ್ಲಿ, ಮೈನಸ್ 22 ಡಿಗ್ರಿಯ ಒಂದು ಬೆಳಗ್ಗೆ, ಎಳೆದು ನೋಡಿದೆ, ಹಿಡಿದ ಹಾಗೆ ಅನಿಸಿತು. ಇಳಿದು ನೋಡಲಿಲ್ಲ. ಟ್ರೇಲರ್ ಎತ್ತರದಲ್ಲಿತ್ತು, ಪಿನ್ನು ದವಡೆಯೊಳಗೆ ಕೂತಿರಲೇ ಇಲ್ಲ. ಟ್ರೇಲರ್ ನಿಲ್ಲಿಸುವ ಊರುಗಾಲು ಮೇಲೆತ್ತಿ ಯಾರ್ಡಿನಲ್ಲೇ ತಿರುವು ತೆಗೆದುಕೊಂಡೆ. ಟ್ರೇಲರ್ ಜಾರಿ ಮೂತಿ ನೆಲಕ್ಕೆ ಬಡಿಯಿತು. ಖಾಲಿ ಗಾಡಿ, ಹತ್ತಿರ ಯಾರೂ ಇರಲಿಲ್ಲ. ಅದೇ 401 ಹೆದ್ದಾರಿಯಲ್ಲಿ ಆಗಿದ್ದರೆ? ಈಗಲೂ ನೆನೆದರೆ ಕೈ ತಣ್ಣಗಾಗುತ್ತದೆ.

2018ರ ಏಪ್ರಿಲ್ 6ರಂದು ಸಸ್ಕಾಚೆವಾನ್‌ನಲ್ಲಿ ಒಂದು ಲಾರಿ ಸ್ಟಾಪ್ ಬೋರ್ಡಿಗೆ ನಿಲ್ಲಿಸದೆ ನುಗ್ಗಿತು. ಹಂಬೋಲ್ಟ್ ಊರಿನ ಐಸ್ ಹಾಕಿ ಹುಡುಗರ ಬಸ್ಸು ಅದಕ್ಕೆ ಗುದ್ದಿ 16 ಜನ ಸತ್ತರು. ಲಾರಿ ಓಡಿಸುತ್ತಿದ್ದವನು ಕೆಲಸಕ್ಕೆ ತೀರಾ ಹೊಸಬ, ಕಂಪನಿ ಕಲಿಸಿದ್ದು ಎರಡೇ ವಾರ. ಆಗ ಆ ಪ್ರಾಂತ್ಯದಲ್ಲಿ ಇಂಥ ತರಬೇತಿ ಕಡ್ಡಾಯ ಇರಲಿಲ್ಲ, ಮುಂದಿನ ವರ್ಷ ಮಾಡಿದರು. ಅವನೂ ನಮ್ಮ ದೇಶದಿಂದಲೇ ಬಂದ ಹುಡುಗ ಕಣೋ.

ಲೈಸೆನ್ಸ್ ಕೈಗೆ ಬಂದ ಮೇಲೆ ಕೆಲವು ಕಡೆ "ನಿನ್ನ ಹೆಸರಲ್ಲೇ ಒಂದು ಕಂಪನಿ ಮಾಡು, ಸಂಬಳ ಅದಕ್ಕೆ ಹಾಕುತ್ತೇವೆ" ಅನ್ನುತ್ತಾರೆ. ಲಾರಿ ಅವರದು, ಲೋಡ್ ಅವರದು, ನೀನು ಮಾತ್ರ ಅವರ ನೌಕರ ಅಲ್ಲ! ಕೈಗೆ ಬರುವ ದುಡ್ಡು ಜಾಸ್ತಿ ಕಾಣುತ್ತದೆ. ಗಾಯವಾಗಿ ಮನೆಯಲ್ಲಿ ಕೂತಾಗ, ಕೆಲಸ ಹೋದಾಗ ಹಿಂದೆ ಯಾರೂ ಇರುವುದಿಲ್ಲ. ಮಾಮೂಲಿ ಸಂಬಳದ ಚೀಟಿ ಕೊಡುವ ಕಡೆ ಸೇರು, ಎರಡು ಡಾಲರ್ ಕಡಿಮೆಯಾದರೂ ಪರವಾಗಿಲ್ಲ.

ಸ್ಕೂಲಿಗೆ ದುಡ್ಡು ಕಟ್ಟುವ ಮುಂಚೆ ಒಮ್ಮೆ ಅವರ ಯಾರ್ಡಿಗೆ ಹೋಗಿ ನಿಂತು ನೋಡು. ಒಂದು ಲಾರಿಗೆ ಎಷ್ಟು ಹುಡುಗರು ಕಾಯುತ್ತಿದ್ದಾರೆ ಅಂತ ಎಣಿಸು. ಆಟೋಮ್ಯಾಟಿಕ್ ಲಾರಿಯಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸೂ ಆಟೋಮ್ಯಾಟಿಕ್ಕಿಗೆ ಮಾತ್ರ, ಅದನ್ನೂ ಕೇಳಿಕೋ. ಮತ್ತೆ ಆ ಆರ್‌ಟಿಒ ಪತ್ರಕ್ಕೆ ಇವತ್ತೇ ಮನೆಗೆ ಫೋನ್ ಮಾಡು.