‘ಸೆಲ್ಲೊ ಸ್ಕ್ರೋಟಮ್’ ರೋಗಿಗಳ ವಿವರ ಎಲ್ಲಿ ಸಿಗುತ್ತದೆ? – ಪ್ರತಿಕ್ರಿಯೆ

ಸಂಗೀತಗಾರರ ಚರ್ಮರೋಗಗಳ ಸೆಮಿನಾರಿಗೆ ನೀವು ಸ್ಲೈಡ್ ಮಾಡಿರುವ ‘ಸೆಲ್ಲೊ ಸ್ಕ್ರೋಟಮ್’ ಎಂದರೆ, ಸೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯ ನುಡಿಸುವವರ ವೃಷಣಚೀಲಕ್ಕೆ ಬರುತ್ತದೆನ್ನಲಾದ ಕಾಯಿಲೆ. ಹುಡುಕಿದರೂ ಇದರ ಒಬ್ಬ ರೋಗಿಯೂ ಸಿಗದಿರಲು ಕಾರಣ, ಅಂಥ ರೋಗವೇ ಇಲ್ಲ. 1974ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಗಿಟಾರ್ ವಾದಕರ ಮೊಲೆತೊಟ್ಟಿನ ಉರಿಯೂತದ ಬಗ್ಗೆ ಪತ್ರ ಬಂದಿತ್ತು. ಅದಕ್ಕೆ ಜೋಡಿಯಾಗಿ ವೈದ್ಯೆ ಎಲೇನ್ ಮರ್ಫಿ ಈ ವೃಷಣಚೀಲದ ಕಾಯಿಲೆಯನ್ನು ತಮಾಷೆಗೆ ಕಲ್ಪಿಸಿ ಅದೇ ಪತ್ರಿಕೆಗೆ ಪತ್ರ ಬರೆದರು. ಸಹಿ ಮಾತ್ರ ಪತಿ ಜಾನ್ ಅವರದು. 2009ರಲ್ಲಿ ಅದೇ ಪತ್ರಿಕೆಗೆ ಬರೆದು, ಅದು ಕಟ್ಟುಕತೆ ಎಂದು ಒಪ್ಪಿಕೊಂಡರು. (ಸೆಲ್ಲೊ ನುಡಿಸುವ ಭಂಗಿಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು, ವಾದ್ಯ ಅಲ್ಲಿಗೆ ತಾಗುವುದೇ ಇಲ್ಲ!)

ಮೊದಲು ಆ ಸ್ಲೈಡ್ ತೆಗೆಯಿರಿ. ಬಳಿಕ, 2009ಕ್ಕೂ ಮುಂಚಿನ ಲೇಖನಗಳಿಂದ ಎತ್ತಿಕೊಂಡ ಉಳಿದ ಕಾಯಿಲೆಗಳಿಗೆ ಮೂಲ ರೋಗಿವರದಿ ಇದೆಯೇ ನೋಡಿ. ಗಿಟಾರಿನದ್ದೂ ತಮಾಷೆಯೇ ಎಂಬುದು ಮರ್ಫಿ ಅವರ ಶಂಕೆ. ಖಚಿತವಲ್ಲ, ಬಿಡುವುದೇ ಕ್ಷೇಮ. ಖಾಲಿ ಜಾಗಕ್ಕೆ ಪಾಶ್ಚಾತ್ಯ ಶೈಲಿಯ ಪಿಟೀಲು ವಾದಕರ ಕತ್ತಿನ ಎಡಬದಿಯಲ್ಲಿ ಮೂಡುವ ಕಲೆಯನ್ನು ಹಾಕಿಕೊಳ್ಳಿ; ಅದು ನಿಜವಾದದ್ದು.