ಮುಯ್ಯಿಯ ಲೆಕ್ಕ: ಒಬ್ಬ ಗುತ್ತಿಗೆದಾರರ ಪ್ರಕರಣ

ಚಿಕ್ಕಮಗಳೂರಿನ ಸುತ್ತಮುತ್ತ ರಸ್ತೆ, ಚರಂಡಿ ಕಾಮಗಾರಿಗಳ ಗುತ್ತಿಗೆ ಹಿಡಿಯುವ, ಐವತ್ತರ ಹೊಸ್ತಿಲಲ್ಲಿರುವ ಒಬ್ಬರು ರಾತ್ರಿ ನಿದ್ದೆ ಬಾರದೆಂದು ಪತ್ನಿಯ ಒತ್ತಾಯಕ್ಕೆ ಆಪ್ತಸಮಾಲೋಚನೆಗಾಗಿ ನನ್ನ ಬಳಿ ಬಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರ ಬಿಲ್ಲುಗಳಿಗೆ ಸಹಿ ಹಾಕುವ ಎಂಜಿನಿಯರ್ ಹಿಂದೆ ಹಾಸ್ಟೆಲ್ಲಿನಲ್ಲಿ ಅವರ ಜೊತೆ ಒಂದೇ ಕೋಣೆಯಲ್ಲಿದ್ದವರು. “ಮೇಡಂ, ಅವನು ಇವತ್ತಿನವರೆಗೂ ಒಂದು ರೂಪಾಯಿ ಕೇಳಿಲ್ಲ” ಎಂದು ಮೊದಲ ಭೇಟಿಯಲ್ಲೇ ಮೂರು ಸಲ ಹೇಳಿದರು. ಕೇಳದೆಯೇ ಕೊಟ್ಟದ್ದನ್ನೆಲ್ಲ ಬರೆಯುತ್ತ ಹೋದಾಗ, ವರ್ಷಕ್ಕೊಂದು ಕಾಳುಮೆಣಸಿನ ಚೀಲದಿಂದ ಆರಂಭವಾದ ಪಟ್ಟಿ, ಮನೆ ಕಟ್ಟುವಾಗ ಕಳುಹಿಸಿದ ಜಲ್ಲಿ, ಸಿಮೆಂಟು, ಮಗಳ ಮದುವೆಗೆ ಮುಯ್ಯಿಯೆಂದು ಕೊಟ್ಟ ಬಂಗಾರ ಎಂದು ಎರಡು ಪುಟ ತುಂಬಿತು.

ಮುಯ್ಯಿಯನ್ನು ಬರೆದಿಡುವುದು ಕೊಟ್ಟವರ ಮನೆಯ ಕಾರ್ಯಕ್ಕೆ ಅಷ್ಟನ್ನೇ ಹಿಂತಿರುಗಿಸಲೆಂದು. ಇಲ್ಲಿ ಹಿಂತಿರುಗಿದ್ದು, ಬೇರೆಯವರ ಬಿಲ್ಲುಗಳಿಗಿಂತ ಮೊದಲೇ ಬಿಡುಗಡೆಯಾದ ಸರ್ಕಾರದ ಹಣ. ಪರಿಚಯವಿಲ್ಲದವನು ಕೊಡುವ ಪರ್ಸೆಂಟೇಜ್ ಲಂಚದ ಲೆಕ್ಕ ಅಂದೇ ಮುಗಿಯುತ್ತದೆ, ಆತ ಸಿಟ್ಟಿಗೆದ್ದರೆ ಲೋಕಾಯುಕ್ತಕ್ಕೂ ಹೋಗಬಹುದು. ಸ್ನೇಹದಲ್ಲಿ ಕೊಟ್ಟದ್ದಕ್ಕೆ ಅಳತೆಯಿಲ್ಲ, ಕೊನೆಯಿಲ್ಲ, ದೂರು ಕೊಡುವ ಬಾಯಿಯೂ ಇರುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬ ಕಿರಿಯ ಗುತ್ತಿಗೆದಾರ “ಅಣ್ಣ, ನೀವೊಂದು ಮಾತು ಹೇಳಿ” ಎಂದು ಕೊಟ್ಟ ಲಕೋಟೆಯನ್ನು ಇವರೇ ಗೆಳೆಯನ ಮನೆಗೆ ತಲುಪಿಸಿದ್ದರು. ನಿದ್ದೆ ಕೆಟ್ಟದ್ದು ಆ ರಾತ್ರಿಯಿಂದ.

ಇನ್ನೊಬ್ಬರ ಲಕೋಟೆಯನ್ನು ಮುಟ್ಟಲೇಬೇಡಿ, ಮೊದಲು ವಕೀಲರನ್ನು ಕಾಣಿ ಎಂದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಶಿಕ್ಷೆಯಾಗಬಹುದು, ಕೊಟ್ಟದ್ದು ಹಣವೇ ಆಗಿರಬೇಕೆಂದೂ ಇಲ್ಲ. ಬಲವಂತಕ್ಕೆ ಕೊಟ್ಟು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ರಕ್ಷಣೆಯುಂಟು. ಇವರನ್ನು ಯಾರೂ ಬಲವಂತ ಮಾಡಿರಲಿಲ್ಲ ಎಂಬುದನ್ನು ನಾನು ಮರೆಮಾಚಲಿಲ್ಲ.

ಗೆಳೆತನವನ್ನು ಬಿಡಿ ಎಂದು ನಾನು ಹೇಳಲಿಲ್ಲ, ಏಕೆಂದರೆ ಅದು ನಿಜವಾದದ್ದೇ ಆಗಿತ್ತು. ಗೆಳೆಯನಿಗೆ ಹೇಳಬೇಕಾದ ಮಾತನ್ನು ಎರಡು ಭೇಟಿಗಳಲ್ಲಿ ಅಭ್ಯಾಸ ಮಾಡಿದೆವು: “ಇನ್ನು ನಿನ್ನ ಮನೆಗೆ ಬರಿಗೈಲೇ ಬರ್ತೀನಿ, ಬಿಲ್ಲಿನ ಮಾತು ಅಲ್ಲಿ ಎತ್ತೋದಿಲ್ಲ. ನನ್ನ ಫೈಲು ಬೇರೆಯವರು ನೋಡೋ ಹಾಗೆ ನಿನ್ನ ಮೇಲಿನವರಿಗೆ ಬರೆದುಕೊಡು.”

ಐದನೆಯ ಭೇಟಿಯ ಹೊತ್ತಿಗೆ ಅವರು ವಕೀಲರನ್ನು ಕಂಡಿದ್ದರು, ಆ ಮಾತನ್ನೂ ಹೇಳಿದ್ದರು. ಗೆಳೆಯ ಎರಡು ವಾರದಿಂದ ಫೋನ್ ಎತ್ತಿರಲಿಲ್ಲ, ಒಂದು ಬಿಲ್ಲು ಬಾಕಿಯಿತ್ತು. ರಾತ್ರಿ ನಾಲ್ಕು ಗಂಟೆ ನಿದ್ದೆ ಬರುತ್ತಿದೆಯೆಂದು ಅವರ ಪತ್ನಿ ತಿಳಿಸಿದರು.